ಕೆಂಪು ಗೆರೆಯ ಪಕ್ಕ ಒಂದು ಹಸಿರು ಗೆರೆ

"ಕತ್ತರಿ ಇದೆಯಾ?"

ಹಿಂದಿನಿಂದ ಬಂದ ಪ್ರಶ್ನೆಗೆ ಅವಳು ತಿರುಗಿಯೂ ನೋಡಲಿಲ್ಲ.

"ಹೊಲಿಯೋಳ ಹತ್ರ ಕತ್ತರಿ ಇದೆಯಾ ಅಂತ ಯಾರಾದ್ರೂ ಕೇಳ್ತಾರಾ? ಮೂರಿವೆ. ಯಾವುದು ಬೇಕು?"

"ಚೂಪಾಗಿರೋದು. ಈ ರೆಕ್ಕೆ ಬಟ್ಟೆ ಕತ್ತರಿಸ್ಬೇಕಿತ್ತು."

ಬಟ್ಟೆ ಬಿಗಿಯಾಗಲೆಂದು ರೆಕ್ಕೆಯ ಮೇಲೆ ಓಡುತ್ತಿದ್ದ ಇಸ್ತ್ರಿಪೆಟ್ಟಿಗೆ ಗಕ್ಕನೆ ನಿಂತಿತು.

ಏನಂದ ಇವನು?!

ತಿರುಗಿದಳು. ಶೆಡ್ಡಿನ ಬಾಗಿಲಲ್ಲಿ ತೆಳ್ಳಗಿನ ಯುವಕನೊಬ್ಬ ನಿಂತಿದ್ದ. ಕಂಕುಳಲ್ಲಿ ಫೈಲು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ವಿಮಾನ ತಪಾಸಣೆ ಮಾಡುವ ಕಚೇರಿಯಿಂದ ಇವತ್ತು ಒಬ್ಬರು ಬರುತ್ತಾರೆಂದು ಅವಳಿಗೆ ಗೊತ್ತಿತ್ತು. ಬಂದವನು ನಮಸ್ಕಾರಕ್ಕಿಂತ ಮೊದಲು ಕತ್ತರಿ ಕೇಳುತ್ತಾನೆಂದು ಗೊತ್ತಿರಲಿಲ್ಲ.

ಮೂರು ವರ್ಷ... ಈ ಪುಟ್ಟ ವಿಮಾನಕ್ಕೆ ಅವಳು ಮೂರು ವರ್ಷ ಕೊಟ್ಟಿದ್ದಳು. ಒಂದೇ ಸೀಟು, ಎರಡು ಸಿಲಿಂಡರಿನ ಇಂಜಿನ್, ಮರದ ಪಕ್ಕೆಲುಬುಗಳ ಮೇಲೆ ಬಟ್ಟೆ ಹೊದಿಸಿದ ರೆಕ್ಕೆ. ಅಪ್ಪನದು ಟಾರ್ಪಾಲು, ಡೇರೆ, ಅಂಗಡಿ ಮುಂದಿನ ನೆರಳುಬಟ್ಟೆ ಹೊಲಿದುಕೊಡುವ ಅಂಗಡಿ. ಹತ್ತನೇ ವಯಸ್ಸಿನಿಂದ ಅಲ್ಲಿ ಹೊಲಿದವಳಿಗೆ ಬಟ್ಟೆಯ ಮರ್ಜಿ ಚೆನ್ನಾಗಿ ಗೊತ್ತಿತ್ತು. ಕೆಲಸವೂ ಚೂಪು, ಮಾತೂ ಚೂಪು ಎಂದು ಅಪ್ಪ ಅವಳನ್ನು 'ಸೂಜಿ' ಎಂದೇ ಕರೆಯುತ್ತಿದ್ದ. ಈಗ ಊರೆಲ್ಲ ಹಾಗೇ ಕರೆಯುತ್ತದೆ.

"ಬಟ್ಟೆ ಹೊದಿಸೋಕೆ ಮುಂಚೆ ಒಳಗಿನ ಮರದ ಕೆಲಸ ತೋರಿಸ್ಬೇಕು ಅಂತ ಕಾಗದ ಬಂದಿತ್ತಲ್ವಾ?" ಎಂದ ಅವನು, ಮೆಲ್ಲಗೆ.

ಬಂದಿತ್ತು. ಅವಳು ಅರ್ಧ ಓದಿ ಪಕ್ಕಕ್ಕಿಟ್ಟಿದ್ದಳು. 'ನನ್ನ ಕೆಲಸ ನೋಡೋಕೆ ಇನ್ನೊಬ್ಬರು ಯಾಕೆ?' ಅನ್ನುವ ಸೊಕ್ಕು!

"ಒಳಗೆ ಎಲ್ಲಾ ಸರಿಯಾಗಿದೆ. ನನ್ನ ಮಾತು ನಂಬಿ."

"ನಂಬ್ತೀನಿ. ಆದ್ರೆ ಫೈಲಲ್ಲಿ 'ನಂಬಿದೆ' ಅಂತ ಬರೆಯೋಕೆ ಜಾಗ ಇಲ್ಲ. 'ನೋಡಿದೆ' ಅಂತ ಮಾತ್ರ ಇದೆ."

ರೆಕ್ಕೆಯ ಉದ್ದಕ್ಕೂ ಬೆರಳಲ್ಲಿ ತಟ್ಟುತ್ತಾ, ಕಿವಿಗೊಡುತ್ತಾ ಹೋಗಿ ಮೂರು ಕಡೆ ಪೆನ್ಸಿಲಿನಿಂದ ಅಂಗೈಯಗಲದ ಚೌಕ ಬರೆದ. ಆಮೇಲೆ ಹಿಂದೆ ಸರಿದು ನಿಂತ.

"ನೀವೇ ಕತ್ತರಿಸಿ. ಹೊಲಿದ ಕೈಗೇ ಅದರ ಹಕ್ಕು."

ಕಣ್ಣಲ್ಲಿ ನೀರು ಬಂದಿದ್ದು ಅವನಿಗೆ ಕಾಣದಂತೆ ಸೂಜಿ ತಲೆ ತಗ್ಗಿಸಿದಳು. "ಒಳಗೆ ಒಂದೇ ಒಂದು ತಪ್ಪು ತೋರಿಸಿ, ನಮ್ಮಂಗಡಿ ಬೋರ್ಡ್ ಇಳಿಸ್ತೀನಿ!"

ಚರ್... ಚರ್... ಚರ್... ಮೂರು ಕಿಟಕಿ ತೆರೆದವು.

ಅವನು ಟಾರ್ಚು, ಪುಟ್ಟ ಕನ್ನಡಿ, ಭೂತಗನ್ನಡಿ ಹಿಡಿದು ಒಂದು ಗಂಟೆ ನೋಡಿದ. ಮೊಣಕಾಲೂರಿ ನೋಡಿದ, ನೆಲದ ಮೇಲೆ ಮಲಗಿ ನೋಡಿದ. ಕೊನೆಗೆ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ.

"ಬೋರ್ಡ್ ಅಲ್ಲೇ ಇರಲಿ. ಒಂದೂ ತಪ್ಪಿಲ್ಲ."

"ಹೇಳಿದ್ನಲ್ಲ!"

"ಹೇಳಿದ್ರಿ. ಇಷ್ಟು ಒಳ್ಳೆ ಕೆಲಸಾನ ಯಾರಿಗೂ ತೋರಿಸ್ದೆ ಮುಚ್ಚಿಬಿಟ್ಟಿದ್ರಲ್ಲ... ಅದೇ ಬೇಜಾರು ನಂಗೆ."

ಜಗಳಕ್ಕೆಂದು ಬಾಯ್ತುದಿಯಲ್ಲಿ ಸಿದ್ಧವಾಗಿದ್ದ ನಾಲ್ಕು ಮಾತುಗಳನ್ನು ಸೂಜಿ ನುಂಗಿಕೊಂಡಳು. ಮೂರು ಕಿಟಕಿ ಮುಚ್ಚಲು ಹೊಸ ಬಟ್ಟೆ ಅಳೆಯತೊಡಗಿದಳು.

ಅಂದಿನಿಂದ ಪ್ರತಿ ಭಾನುವಾರ ಅವನು ಬರತೊಡಗಿದ. ಅವಳು ಒಂದೊಂದು ಹಂತ ಮುಗಿಸಿದ ಹಾಗೆ ನೋಡಿ ಬರೆದುಕೊಳ್ಳುವುದು ಅವನ ಕೆಲಸವೇ ಆಗಿತ್ತು. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಬಂದವನು ಸಂಜೆ ಐದಾದರೂ ಹೊರಡುತ್ತಿರಲಿಲ್ಲ. ಯಾವ ಹಂತಕ್ಕೂ ಅಷ್ಟು ಹೊತ್ತು ಬೇಕಿರಲಿಲ್ಲವೆಂದು ಮೂವರಿಗೂ ಗೊತ್ತಿತ್ತು. ಮೂರನೆಯವರು ಅಜ್ಜಿ.

ಅಪ್ಪನ ಅಮ್ಮ ಈ ಅಜ್ಜಿ. ಎಪ್ಪತ್ತೆರಡು ವಯಸ್ಸು, ಹತ್ತು ಉಗುರಿಗೂ ಕಡುಗೆಂಪು ಬಣ್ಣ. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮೇಣದ ದಾರ ಸುತ್ತಿಕೊಡುವುದು ಅವರ ಪಾಲಿನ ಕೆಲಸ.

"ಬಂತು ನೋಡೇ ನಿನ್ನ ಭೂತ!" ಅನ್ನುತ್ತಿದ್ದರು, ಅವನ ಸ್ಕೂಟರ್ ಸದ್ದಾದ ಕೂಡಲೇ.

"ಅಜ್ಜೀ! ಭೂತ ಅಲ್ಲ, ಭೂತಗನ್ನಡಿ!"

"ಎರಡೂ ಒಂದೇ. ಹಿಡಿದ್ರೆ ಬಿಡಲ್ಲ."

ಒಂದು ಭಾನುವಾರ ಅವಳು ನಟ್ಟು ಬಿಗಿ ಮಾಡುತ್ತಿದ್ದಳು. ಬಿಗಿಯಾದ ಮೇಲೆ ನಟ್ಟು, ಬೋಲ್ಟು ಎರಡರ ಮೇಲೂ ಹಾಯುವಂತೆ ಒಂದು ಕೆಂಪು ಗೆರೆ ಎಳೆದಳು. ಅಜ್ಜಿಯ ಉಗುರುಬಣ್ಣ! ಆ ನಟ್ಟು ಒಂದು ಕೂದಲೆಳೆಯಷ್ಟು ಸಡಿಲವಾದರೂ ಗೆರೆ ತುಂಡಾಗುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ.

"ಒಂದು ಗೆರೆ ಸಾಲದು," ಎಂದ ಭೂತಗನ್ನಡಿ. "ಬಿಗಿ ಮಾಡಿದವರದ್ದು ಒಂದು ಗೆರೆ. ಅದನ್ನ ನೋಡಿ ಒಪ್ಪಿದವರದ್ದು ಪಕ್ಕದಲ್ಲಿ ಇನ್ನೊಂದು. ಎಷ್ಟೇ ನಿಪುಣರಾದ್ರೂ ತಮ್ಮ ತಪ್ಪು ತಮಗೇ ಕಾಣಲ್ಲ."

ಜೇಬಿನಿಂದ ಒಂದು ಪುಟ್ಟ ಸೀಸೆ ತೆಗೆದ. ಹಸಿರು ಉಗುರುಬಣ್ಣ... ಗಿಣಿಹಸಿರು!

"ಅಯ್ಯೋ! ಇದನ್ನ ಯಾರು ಹಚ್ಕೊಳ್ತಾರೆ?" ಸೂಜಿ ಬಿದ್ದು ಬಿದ್ದು ನಕ್ಕಳು.

"ಅಂಗಡಿಯವಳೂ ಅದನ್ನೇ ಕೇಳಿದ್ಲು. 'ಮನೆಯವರಿಗಾ ಸಾರ್?' ಅಂದ್ಲು. 'ಇಲ್ಲ, ವಿಮಾನಕ್ಕೆ' ಅಂದೆ. ಮತ್ತೆ ಮಾತಾಡಲಿಲ್ಲ."

ಅವಳ ಕೆಂಪು ಗೆರೆಯ ಪಕ್ಕದಲ್ಲಿ ಅವನ ಹಸಿರು ಗೆರೆ. ಹೀಗೆ ಒಂದಾದ ಮೇಲೊಂದು ನಟ್ಟು... ಬಣ್ಣ ಹಸಿಯಿದ್ದಾಗ ಅವಳ ಬೆರಳು ತಾಗಲು ಹೋದರೆ, "ಒಣಗೋ ತನಕ ಮುಟ್ಬೇಡಿ" ಎಂದು ಮಣಿಕಟ್ಟು ಹಿಡಿದು ತಡೆಯುತ್ತಿದ್ದ. ಬಣ್ಣ ಎಂದೋ ಒಣಗಿರುತ್ತಿತ್ತು. ಕೈ ಮಾತ್ರ ಅಲ್ಲೇ ಇರುತ್ತಿತ್ತು.

ಇನ್ನೊಂದು ಪಾಠವನ್ನೂ ಕಲಿಸಿದ. ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಯಿರುತ್ತದೆ. ವಿಮಾನ ಎಡಕ್ಕೆ ವಾಲಬೇಕೋ ಬಲಕ್ಕೆ ವಾಲಬೇಕೋ ಎನ್ನುವುದನ್ನು ಆ ಪಟ್ಟಿಯೇ ನಿರ್ಧರಿಸುತ್ತದೆ. ಸೀಟಿನ ಮುಂದಿನ ಸ್ಟಿಕ್ ಎಂಬ ಹಿಡಿಕೋಲು ಕೇಬಲ್ಲುಗಳ ಮೂಲಕ ಅದನ್ನು ಆಡಿಸುತ್ತದೆ.

"ಹೀಗೆ ಸ್ಟಿಕ್ ಹಿಡೀರಿ. ಹೆಬ್ಬೆರಳು ಮೇಲೆ ಇರಲಿ. ಈಗ ಎಡಕ್ಕೆ ತಳ್ಳಿ... ಹೆಬ್ಬೆರಳು ಯಾವ ಕಡೆ ವಾಲಿದೆ?"

"ಎಡಕ್ಕೆ."

"ಆ ಕಡೆ ಪಟ್ಟಿ ಮೇಲೆದ್ದಿರಬೇಕು. ತಿರುಗಿ, ಕಣ್ಣಾರೆ ನೋಡಿ. ಇದನ್ನ ನೋಡದೆ ಯಾವತ್ತೂ ನೆಲ ಬಿಡಬೇಡಿ. ಮಾತು ಕೊಡಿ."

"ನಲವತ್ತು ಗಂಟೆ ಫ್ಲೈಯಿಂಗ್ ಕ್ಲಬ್ಬಿನ ವಿಮಾನ ಹಾರಿಸಿದೀನಿ. ಇದೂ ಗೊತ್ತಿಲ್ವಾ ನಂಗೆ?"

"ಗೊತ್ತು. ಆದ್ರೂ ಮಾತು ಕೊಡಿ."

ಆ ಮಾತು ಅವಳ ಎದೆಗೆ ನೇರವಾಗಿ ನಾಟಿತು. 'ಇವನಿಗೆ ನನ್ನ ವಿಮಾನದ ಚಿಂತೆಯೋ... ನನ್ನ ಚಿಂತೆಯೋ?'

"ಕೊಟ್ಟೆ," ಎಂದಳು ಮೆತ್ತಗೆ.

ಎಲ್ಲ ಕೆಲಸ ಮುಗಿಯಿತು. ಉಳಿದದ್ದು ಹಾರಾಟಕ್ಕೆ ಮುಂಚಿನ ಕೊನೆಯ ತಪಾಸಣೆ, ಒಂದು ಸಹಿ. ಅಪ್ಪ ಮೊದಲೇ ಹೇಳಿಬಿಟ್ಟಿದ್ದ. "ನಂಗೆ ವಿಮಾನ ಗೊತ್ತಿಲ್ಲ. ಆ ಹುಡುಗನ ಕಣ್ಣಿನ ಮೇಲೆ ನಂಬಿಕೆ ಇದೆ. ಅವನು ಸಹಿ ಹಾಕಿದ್ರೆ ವಿಮಾನ ಹತ್ತು, ಇಲ್ಲಾಂದ್ರೆ ಇಲ್ಲ."

ಆ ಭಾನುವಾರ ಅಪ್ಪನೇ ಶೆಡ್ಡಿಗೆ ಬಂದ. ವಿಮಾನದ ಸುತ್ತ ಒಂದು ಸುತ್ತು ಹಾಕಿ ಭೂತಗನ್ನಡಿಯೆದುರು ನಿಂತ.

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಪ್ಪ. ಇವಳು ನಿನ್ನ ಮನೆ ಹುಡುಗಿ ಆಗಿದ್ರೆ, ಇದರಲ್ಲಿ ಹತ್ತೋಕೆ ಬಿಡ್ತಿದ್ಯಾ?"

ಭೂತಗನ್ನಡಿಯ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು. ಪೆನ್ಸಿಲು ಕೆಳಗಿಟ್ಟು, ಫೈಲು ಎತ್ತಿಕೊಂಡು, ಸ್ಕೂಟರ್ ಹತ್ತಿ ಹೊರಟೇಹೋದ!



ಮೂರನೇ ದಿನ ಕಚೇರಿಯ ಕಾಗದ ಬಂತು. 'ತಮ್ಮ ವಿಮಾನದ ತಪಾಸಣೆಯ ಹೊಣೆಯಿಂದ ಸದರಿ ತಪಾಸಣೆಗಾರರು ಹಿಂದೆ ಸರಿದಿರುತ್ತಾರೆ. ಕಾರಣವನ್ನು...'

ಮುಂದೆ ಓದಲಿಲ್ಲ. ಎರಡಾಗಿ, ನಾಲ್ಕಾಗಿ, ಎಂಟಾಗಿ ಹರಿದು ಬುಟ್ಟಿಗೆ ಹಾಕಿದಳು. ಕಾರಣ ಬೇರೆ ಓದಬೇಕೇ? ಅಪ್ಪನ ಮುಂದೆ ಬಾಯಿ ಬಿಡಲಾರದವನು ಕಾಗದದಲ್ಲಿ ಬಿಟ್ಟಿದ್ದಾನೆ. ಇಷ್ಟು ತಿಂಗಳು ನೋಡಿ, ತಟ್ಟಿ, ಗೆರೆ ಎಳೆದು, ಕೊನೆಗೆ ನನ್ನ ಕೆಲಸದ ಮೇಲೆ ಅವನಿಗೇ ನಂಬಿಕೆ ಇಲ್ಲ!

ಅವನ ಫೋನು ಬಂತು. ಎತ್ತಲಿಲ್ಲ. ಮತ್ತೆ ಬಂತು. ಫೋನನ್ನೇ ದಾರದ ಡಬ್ಬಿಯೊಳಗೆ ಮುಚ್ಚಿಟ್ಟಳು.

"ಪೂರ್ತಿ ಓದ್ಬಾರ್ದಿತ್ತೇನೇ?" ಎಂದರು ಅಜ್ಜಿ. "ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತಾ?"

"ನನ್ನ ಮೂಗು ಅಲ್ಲೇ ಇದೆ, ಅಜ್ಜೀ. ಅವರ ಗುರುತು ಮಾತ್ರ ಇಲ್ಲಿ ಬೇಡ."

ಅಂದವಳೇ ಸ್ಪ್ಯಾನರ್ ಹಿಡಿದು ಸೀಟಿನ ಕೆಳಗೆ ನುಗ್ಗಿದಳು. ಎಲ್ಲೆಲ್ಲಿ ಹಸಿರು ಗೆರೆಯಿತ್ತೋ ಅಲ್ಲೆಲ್ಲ ಅರಿವೆಯಿಂದ ಒರೆಸಿದಳು. ಅವನು ಒಪ್ಪಿದ್ದ ಕೇಬಲ್ಲುಗಳನ್ನು ಬಿಚ್ಚಿ ತಾನೇ ಹೊಸದಾಗಿ ಕಟ್ಟಿದಳು. ಕಣ್ಣೀರು ಕಣ್ಣು ಮಂಜು ಮಾಡುತ್ತಿತ್ತು. ಕೈ ಮಾತ್ರ ನಿಲ್ಲಲಿಲ್ಲ. ಕೆಳಗೆ ಮಲಗಿಯೇ ಸ್ಟಿಕ್ ಅಲ್ಲಾಡಿಸಿದಳು. ಎರಡು ಬದಿಯಲ್ಲೂ ಪಟ್ಟಿಗಳು ಪಟಪಟ ಆಡಿದವು. ಆಡಿದವಲ್ಲ, ಸಾಕು! ಕೆಂಪು ಗೆರೆ ಎಳೆದು ಎದ್ದಳು.

ಅಪ್ಪನನ್ನು ಒಪ್ಪಿಸಲು ಎರಡು ವಾರ ಬೇಕಾಯಿತು.

"ಬೇರೆಯವರು ಬರ್ತಾರೆ, ಅಪ್ಪ. ಅವನಿಗಿಂತ ದೊಡ್ಡವರು. ನನ್ನ ವಿಮಾನ ಹಾರುತ್ತೆ. ಅದು ಒಬ್ಬನ ಸಹಿಯಿಂದ ಹಾರೋದಲ್ಲ."

ಕಚೇರಿಯಿಂದ ಬಂದವರು ದೊಡ್ಡ ಮೇಡಂ. ನೆರೆತ ಕೂದಲು, ದಪ್ಪ ಬೂಟು, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಬೆಳಿಗ್ಗೆ ಏಳಕ್ಕೇ ಬಂದು ವಿಮಾನವನ್ನು ಹುಲ್ಲಿನ ಮೇಲೆ ತಳ್ಳಿಸಿ ಸುತ್ತ ನೋಡಿದರು. ಗಾಳಿ ಹಿತವಾಗಿತ್ತು. ಅಪ್ಪ ಕೈ ಹಿಸುಕಿಕೊಳ್ಳುತ್ತಾ ನಿಂತಿದ್ದ. ಅಜ್ಜಿ ಕುರ್ಚಿಯನ್ನು ಮೈದಾನಕ್ಕೇ ತರಿಸಿಕೊಂಡಿದ್ದರು.

"ಹತ್ತಿ ಕೂತ್ಕೋಮ್ಮ. ಸ್ಟಿಕ್ ಆಡಿಸು."

ಸೂಜಿ ಹತ್ತಿ ಕೂತಳು. ಬೆಲ್ಟ್ ಬಿಗಿದಳು. ಮೂರು ವರ್ಷ ಕಾದ ಬೆಳಗು ಇದು! ಸ್ಟಿಕ್ ಹಿಡಿದಾಗ ಹೆಬ್ಬೆರಳು ತಾನಾಗಿಯೇ ಮೇಲೆದ್ದಿತು. ಎಡಕ್ಕೆ ತಳ್ಳಿದಳು.

'ತಿರುಗಿ, ಕಣ್ಣಾರೆ ನೋಡಿ...'

ಬೇಡವೆಂದರೂ ಅದೇ ದನಿ. ಕೊಟ್ಟ ಮಾತು ಮಾತೇ. ತಿರುಗಿ ನೋಡಿದಳು.

ಎಡರೆಕ್ಕೆಯ ಪಟ್ಟಿ ಕೆಳಕ್ಕೆ ಬಾಗಿತ್ತು.

ಬಲಕ್ಕೆ ತಳ್ಳಿದಳು. ಬಲಗಡೆಯದೂ ಕೆಳಕ್ಕೆ! ಎರಡು ಕೇಬಲ್ಲು ಅದಲು ಬದಲಾಗಿದ್ದವು. ಹಾರಿದ್ದರೆ... ಎಡಕ್ಕೆಂದು ತಿರುಗಿಸಿದ ವಿಮಾನ ಬಲಕ್ಕೆ ಮಗುಚುತ್ತಿತ್ತು. ತಿದ್ದಲು ಹೋದಷ್ಟೂ ಇನ್ನಷ್ಟು ಮಗುಚುತ್ತಿತ್ತು.

ಮೇಡಂ ವಿಮಾನದ ಮೂತಿಯ ಬಳಿ ಇದ್ದರು. ಅವರಿನ್ನೂ ರೆಕ್ಕೆಯತ್ತ ನೋಡಿರಲಿಲ್ಲ.

ಸೂಜಿ ಬೆಲ್ಟ್ ಬಿಚ್ಚಿ ಇಳಿದಳು. ನೇರವಾಗಿ ಮೇಡಂ ಎದುರು ಹೋಗಿ ನಿಂತಳು.

"ಮೇಡಂ, ನೀವು ನೋಡೋಕೆ ಮುಂಚೆ ನಾನೇ ಹೇಳ್ತೀನಿ. ಕೇಬಲ್ ಅದಲು ಬದಲು ಕಟ್ಟಿದೀನಿ. ಸರಿಯಾಗಿದ್ದಿದ್ದನ್ನ ಸಿಟ್ಟಿನಲ್ಲಿ ಬಿಚ್ಚಿ ಕಟ್ಟಿದೆ. ಎರಡನೆಯವರಿಂದ ನೋಡಿಸಲಿಲ್ಲ. ತಪ್ಪು ನಂದೇ."

ಅಪ್ಪ ಓಡಿಬಂದು ಅವಳ ತೋಳು ಹಿಡಿದುಕೊಂಡ.

ಮೇಡಂ ಅವಳನ್ನೇ ದಿಟ್ಟಿಸಿದರು. "ಈ ಕೆಲಸದಲ್ಲಿ ಇಪ್ಪತ್ತಾರು ವರ್ಷ ಆಯ್ತು ನಂಗೆ. ತಪ್ಪು ಮುಚ್ಚಿಡೋರನ್ನ ಬೇಕಾದಷ್ಟು ನೋಡಿದೀನಿ. ಹೀಗೆ ಬಂದು ಹೇಳಿದೋರು ಕಡಿಮೆ. ಸರಿ, ಯಾರ ಮೇಲಮ್ಮ ಸಿಟ್ಟು?"

"ನಿಮ್ಮ ಕಚೇರಿಯವರ ಮೇಲೆ. ನನ್ನ ಕೆಲಸದ ಮೇಲೆ ನಂಬಿಕೆ ಇಲ್ಲ ಅಂತ ಬಿಟ್ಟು ಹೋದ್ರಲ್ಲ, ಅವರ ಮೇಲೆ."

"ಯಾರು ಹೇಳಿದ್ದು ಹಾಗಂತ? ಕಾಗದ ಓದಲಿಲ್ವಾ?"

"...ಹರಿದೆ."

"ಓದದೇ?" ಮೇಡಂ ಹಣೆ ಚಚ್ಚಿಕೊಂಡರು. ಫೈಲು ತೆರೆದು ಒಂದು ಹಾಳೆ ಮುಂದೆ ಹಿಡಿದರು. "ಆ ಕಾಗದದ ಜೊತೆ ಅವನು ಬರೆದ ಕಾರಣಾನೂ ಕಳಿಸಿದ್ವಿ. ಇದು ಕಚೇರಿಯ ಪ್ರತಿ. ಓದು. ಗಟ್ಟಿಯಾಗಿ ಓದ್ಬೇಡ, ನಂಗೇ ನಾಚಿಕೆ ಆಗುತ್ತೆ."

ಪರಿಚಯದ ಪುಟ್ಟ ಪುಟ್ಟ ಅಕ್ಷರಗಳು.

'ಹಿಂದೆ ಸರಿಯಲು ಕಾರಣ: ವಿಮಾನದಲ್ಲಿ ದೋಷವಿಲ್ಲ. ನಾನು ನೋಡಿದವುಗಳಲ್ಲೇ ಇದು ಅತ್ಯುತ್ತಮ ಕೆಲಸ. ತಪಾಸಣೆಗಾರನಿಗೆ ಇದನ್ನು ಕಟ್ಟಿದವರ ಮೇಲೆ ಪ್ರೀತಿ ಹುಟ್ಟಿದೆ. ಅವರ ತಂದೆ ಒಂದು ಪ್ರಶ್ನೆ ಕೇಳಿದಾಗ ಇದು ತಿಳಿಯಿತು. ಮನೆಯವರ ವಿಮಾನಕ್ಕೆ ಸಹಿ ಹಾಕುವಂತಿಲ್ಲ ಎನ್ನುತ್ತದೆ ನಿಯಮ. ಅವರು ನನ್ನ ಮನೆಯವರಾಗುವರೋ ಇಲ್ಲವೋ ತಿಳಿಯದು. ನನ್ನ ಮನಸ್ಸಿಗೆ ಆಗಲೇ ಆಗಿಬಿಟ್ಟಿದ್ದಾರೆ. ಆದ್ದರಿಂದ ಈ ವಿಷಯದಲ್ಲಿ ನನ್ನ ಸಹಿಯನ್ನು ನಂಬಬಾರದು.'

ಅಕ್ಷರಗಳೆಲ್ಲ ಕಲಸಿಹೋದವು. ಈ ಸಲ ಕಣ್ಣೀರನ್ನು ಅವಳು ಯಾರಿಂದಲೂ ಮರೆಮಾಡಲಿಲ್ಲ.

"ಏನಂತೆ?" ಅಪ್ಪ ಗಾಬರಿಯಿಂದ ಕೇಳಿದ.

"ಅವತ್ತು ನೀನು ಕೇಳಿದ್ಯಲ್ಲ, ಅದಕ್ಕೆ ಉತ್ತರ ಬರೆದಿದಾನೆ ಹುಡುಗ," ಎಂದರು ಅಜ್ಜಿ, ಓದದೆಯೇ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಅವತ್ತೇ ಗೊತ್ತಾಯ್ತು ನಂಗೆ. ಈ ಮನೇಲಿ ನನ್ನ ಮಾತು ಕೇಳೋರ್ಯಾರು?"

ಮೇಡಂ ಫೈಲು ಮುಚ್ಚಿದರು. "ಈಗ ಕೆಲಸದ ಮಾತು. ಕೇಬಲ್ ಬಿಚ್ಚಿ ಸರಿಯಾಗಿ ಕಟ್ಟು. ಈ ವಿಮಾನ ಬಲ್ಲ ಇನ್ನೊಬ್ಬರು ಅದನ್ನ ನೋಡಿ ಒಪ್ಪಬೇಕು. ಕೊನೇದಾಗಿ ನಾನು ನೋಡಿ ಸಹಿ ಹಾಕ್ತೀನಿ."

"ಇನ್ನೊಬ್ಬರು ಅಂದ್ರೆ..."

"ಆ ನೀರಿನ ಟ್ಯಾಂಕಿನ ಹಿಂದೆ ಒಂದು ಗಂಟೆಯಿಂದ ಅಡಗಿ ನಿಂತಿದಾನಲ್ಲ, ಅವನು. ಅವನ ಸಹಿ ಬೇಡ. ಕಣ್ಣು ಬೇಡ ಅಂತ ಯಾವ ನಿಯಮದಲ್ಲೂ ಇಲ್ಲ."

ಸೂಜಿ ಮೈದಾನ ದಾಟಿ ನಡೆದಳು. ಟ್ಯಾಂಕಿನ ಹಿಂದೆ ಅವನು. ಎರಡು ವಾರದಲ್ಲಿ ಇನ್ನಷ್ಟು ತೆಳ್ಳಗಾಗಿದ್ದ. ಕೊರಳಲ್ಲಿ ಅದೇ ಭೂತಗನ್ನಡಿ.

"ಎರಡು ತಪ್ಪು ಮಾಡಿದೆ," ಎಂದಳು ನೇರವಾಗಿ. "ಕೇಬಲ್ ಅದಲು ಬದಲು ಕಟ್ಟಿದೆ. ನಿಮ್ಮ ಕಾಗದ ಓದದೆ ಹರಿದೆ. ಯಾವುದು ದೊಡ್ಡದು?"

"ಕೇಬಲ್," ಎಂದ ತಡಮಾಡದೆ. "ಅದು ಪ್ರಾಣ ತೆಗೀತಿತ್ತು."

"ಇನ್ನೊಂದು?"

"ಅದು... ನಿದ್ದೆ ತೆಗೀತು, ಅಷ್ಟೇ."

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ನೀವೂ ಒಂದು ತಪ್ಪು ಮಾಡಿದ್ರಿ. ನಂಗೆ ಹೇಳ್ಬೇಕಾದ್ದನ್ನ ಕಚೇರಿಗೆ ಹೇಳಿದ್ರಿ!"

"ಫೋನ್ ಮಾಡಿದೆ. ಹನ್ನೊಂದು ಸಲ."

"ಮನೆ ಬಾಗಿಲಿಗೆ ಬಂದು ಹೇಳೋಕೆ ಏನಾಗಿತ್ತು?"

"...ಧೈರ್ಯ ಇರಲಿಲ್ಲ."

"ಈಗ ಇದೆಯಾ?"

"ಹೆಬ್ಬೆರಳು ಮೇಲೆತ್ತಿ, ತಿರುಗಿ ನೋಡಿದ್ರಲ್ಲ... ಅದನ್ನ ನೋಡಿದ ಮೇಲೆ ಬಂತು."

"ಹಾಗಾದ್ರೆ ನಡೀರಿ, ಕೆಲಸ ಇದೆ. ನಿಮ್ಮ ಕಾಗದಕ್ಕೆ ಉತ್ತರ ನಾನು ಇಳಿದ ಮೇಲೆ."

"ಇಳಿದ ಮೇಲೆ ಯಾಕೆ?"

"ಕೆಳಗೆ ಕಾಯೋರಿದ್ರೆ ನೆಟ್ಟಗೆ ಇಳೀತೀನಿ."

ಸೀಟಿನ ಕೆಳಗೆ ಅವಳು, ಹೊರಗೆ ಅವನು. ಅವಳು ಕಟ್ಟಿದಳು, ಅವನು ಭೂತಗನ್ನಡಿ ಹಿಡಿದು ನೋಡಿದ. ಅವಳ ಕೆಂಪು ಗೆರೆಯ ಪಕ್ಕ ಮತ್ತೆ ಗಿಣಿಹಸಿರು ಗೆರೆ ಬಂತು. ಆ ಸೀಸೆ ಇನ್ನೂ ಅವನ ಜೇಬಿನಲ್ಲೇ ಇತ್ತು! ಮೇಡಂ ಕೂತು ಹೆಬ್ಬೆರಳಿಟ್ಟು ನೋಡಿದರು, ಎಡ, ಬಲ, ಎಡ. ಆಮೇಲೆ ಸಹಿ ಹಾಕಿದರು.

ಅಪ್ಪ ಸಹಿಯನ್ನು ನೋಡಲಿಲ್ಲ. ಅವನ ಮುಖ ನೋಡಿದ.

"ಈಗ ಹೇಳಪ್ಪ. ಬಿಡ್ತೀಯಾ?"

"ಬಿಡ್ತೀನಿ," ಎಂದ ಭೂತಗನ್ನಡಿ. "ಎದೆ ಹೊಡ್ಕೊಳ್ತಾ ಇದೆ. ಆದ್ರೂ ಬಿಡ್ತೀನಿ."

ಇಂಜಿನ್ ಮೊರೆಯಿತು. ಹುಲ್ಲು ಹಿಂದಕ್ಕೆ ಓಡಿತು. ಚಕ್ರಗಳ ಗಡಗಡ... ಗಡಗಡ... ಇದ್ದಕ್ಕಿದ್ದಂತೆ ಆ ಸದ್ದು ನಿಂತುಹೋಯಿತು. ನೆಲ ಅವಳನ್ನು ಬಿಟ್ಟುಕೊಟ್ಟಿತ್ತು!

ಅವಳು ಹೊಲಿದ ಒಂದೊಂದು ಹೊಲಿಗೆಯೂ ಗಾಳಿಯಲ್ಲಿ ಬಿಗಿದು ನಿಂತಿತು. ಕತ್ತರಿಸಿ ಮತ್ತೆ ಮುಚ್ಚಿದ ಮೂರು ಚೌಕಗಳು ರೆಕ್ಕೆಯ ಮೇಲೆ ಕಾಣುತ್ತಿದ್ದವು. ಒಂದು ದಿನ ಅವು ಗಾಯದಂತೆ ಕಂಡಿದ್ದವು. ಇವತ್ತು ನೋಡಲು ಹಿತವಾಗಿತ್ತು. ದೂರದಲ್ಲಿ ಅಂಗಡಿಯ ನೀಲಿ ಟಾರ್ಪಾಲಿನ ಮಾಡು. ಕೆಳಗೆ ಮೈದಾನದಲ್ಲಿ ನಾಲ್ಕು ಪುಟ್ಟ ಆಕೃತಿಗಳು. ಸ್ಟಿಕ್ ಎಡಕ್ಕೆ ತಳ್ಳಿದಳು. ಹೇಳಿದ ಮಾತು ಕೇಳಿ ವಿಮಾನ ಎಡಕ್ಕೆ ವಾಲಿತು.

"ಹಾರ್ತಿದೀನಿ!" ಎಂದು ಕೂಗಿದಳು. ಕೇಳುವವರು ಯಾರೂ ಇರಲಿಲ್ಲ, ಆದರೂ ಇನ್ನೊಮ್ಮೆ ಕೂಗಿದಳು.

ಮೂರು ಸುತ್ತು ಹಾಕಿ ಇಳಿದಳು. ಒಮ್ಮೆ ಕುಪ್ಪಳಿಸಿತು, ಆಮೇಲೆ ನೆಟ್ಟಗೆ ಓಡಿ ನಿಂತಿತು. ಎಲ್ಲರಿಗಿಂತ ಮೊದಲು ಓಡಿಬಂದವನು ಯಾರೆಂದು ಬೇರೆ ಹೇಳಬೇಕೇ? ಓಡಿಬಂದವನು ಅವಳನ್ನು ನೋಡಲಿಲ್ಲ, ಬಗ್ಗಿ ನಟ್ಟು ನೋಡತೊಡಗಿದ!

"ಏನ್ರೀ ಅದು?"

"ಗೆರೆ ತುಂಡಾಗಿದೆಯಾ ನೋಡ್ತಿದೀನಿ... ಇಲ್ಲ. ಒಂದೂ ಅಲುಗಿಲ್ಲ." ಎದ್ದು ನಿಂತ. ಕಣ್ಣು ತುಂಬಿತ್ತು. "ಉತ್ತರ?"

ಸೂಜಿ ಕೈಗವಸು ತೆಗೆದಳು. ಬಲಗೈ ಹೆಬ್ಬೆರಳನ್ನು ಅವನ ಮುಂದೆ ಹಿಡಿದಳು. ಉಗುರಿನ ಮೇಲೆ ಒಂದು ಕೆಂಪು ಗೆರೆಯಿತ್ತು, ಹತ್ತುವ ಮುಂಚೆ ಅಜ್ಜಿಯ ಸೀಸೆಯಿಂದ ಅವಳೇ ಎಳೆದುಕೊಂಡದ್ದು.

"ನನ್ನ ಕಡೆಯಿಂದ ಬಿಗಿ ಮಾಡಿ ಆಯ್ತು. ಎರಡನೆಯವರು ಒಪ್ಪಬೇಕು."

ಅವನು ಜೇಬಿನಿಂದ ಹಸಿರು ಸೀಸೆ ತೆಗೆದ. ಗೆರೆ ಸ್ವಲ್ಪ ಸೊಟ್ಟಗಾಯಿತು. ಆದರೂ ಕೆಂಪಿನ ಪಕ್ಕದಲ್ಲೇ ಬಂತು.

"ಒಣಗೋ ತನಕ ಅಲ್ಲಾಡಿಸಬಾರದು," ಎಂದ.

"ಎಷ್ಟು ಹೊತ್ತು ಬೇಕು?"

"ಗೊತ್ತಿಲ್ಲ. ನಾನು ಹಿಡ್ಕೊಂಡಿರ್ತೀನಿ."

"ಹಿಡ್ಕೊಳ್ಳಿ," ಎಂದಳು ಸೂಜಿ. "ಅವಸರ ಏನಿಲ್ಲ."